ಜೋಡೆತ್ತು ಕಟ್ಟುವವರಿಗೆ: ಕೊಳ್ಳುವುದು, ಪಳಗಿಸುವುದು, ಹೂಡುವುದು

ಒಂದು ಜೊತೆ ಎತ್ತು ದಿನಕ್ಕೆ ಅರ್ಧ ಎಕರೆ ಉಳುತ್ತದೆ. ಟ್ರ್ಯಾಕ್ಟರ್ ನೋಡಿ ಬೆಳೆದವರಿಗೆ ಇಷ್ಟೇನಾ ಅನ್ನಿಸಬಹುದು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಮರದ ನೇಗಿಲಿನ ಸಾಲು ಸುಮಾರು 15 ಸೆಂ.ಮೀ. ಅಗಲ. ಆ ಅಗಲದಲ್ಲಿ ಅರ್ಧ ಎಕರೆ ಸೀಳಲು ಎತ್ತುಗಳೂ ಅವುಗಳ ಹಿಂದಿನ ಆಳೂ ಹದಿಮೂರೂವರೆ ಕಿಲೋಮೀಟರ್ ನಡೆಯಬೇಕು. ನೇಗಿಲು ಎಳೆಯುವಾಗಿನ ನಡಿಗೆ ಗಂಟೆಗೆ ಎರಡೂವರೆ ಕಿ.ಮೀ. ಬದುವಿನಲ್ಲಿ ತಿರುಗುವ ಹೊತ್ತು ಸೇರಿದರೆ ಆರು ಗಂಟೆ ಆಯಿತು. ಅದಕ್ಕಿಂತ ಹೆಚ್ಚು ಉತ್ತವರು ಒಂದೋ ಸಾಲು ಬಿಟ್ಟು ಉತ್ತಿರುತ್ತಾರೆ, ಇಲ್ಲವೇ ಎತ್ತನ್ನು ಸವೆಸಿರುತ್ತಾರೆ.

'ಎತ್ತಿನ ಹಾಗೆ ದುಡಿಯುತ್ತಾನೆ' ಎಂದು ಆಳನ್ನು ಹೊಗಳುವವರು ಎತ್ತಿನ ದುಡಿತಕ್ಕೆ ಕೊನೆಯಿಲ್ಲ ಎಂದುಕೊಂಡಿರುತ್ತಾರೆ. ಕೊನೆ ಇದೆ, ಅದನ್ನು ಅಳೆಯಲೂ ಬಹುದು. ಗಂಟೆಗಟ್ಟಲೆ ಎಳೆಯಬೇಕಾದಾಗ ಎತ್ತು ತನ್ನ ಮೈತೂಕದ ಹತ್ತರಲ್ಲಿ ಒಂದು ಪಾಲಿನಷ್ಟು, ಒಳ್ಳೆಯ ಮೇವಿದ್ದರೆ ಶೇ. 12ರಷ್ಟು, ಬಲ ಹಾಕಬಲ್ಲದು. ತೂಕ ತಿಳಿಯಲು ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂ.ಮೀ.ನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಸುತ್ತಳತೆ 165, ಉದ್ದ 135 ಇದ್ದರೆ ಸುಮಾರು 340 ಕೆ.ಜಿ. ಅಂಥ ಜೋಡಿ ದಿನವಿಡೀ ಎಳೆಯಬಲ್ಲದ್ದು 68 ಕೆ.ಜಿ. ಬಲ. ಆ ನಡಿಗೆಯ ವೇಗದಲ್ಲಿ ಅದು ಮುಕ್ಕಾಲು ಹೆಚ್.ಪಿ.ಗಿಂತಲೂ ಕಡಿಮೆ.

ಈಗ ಮಣ್ಣಿನ ಕಡೆ ಬನ್ನಿ. ಹದವಾದ ಕೆಂಪು ಮಣ್ಣಿನಲ್ಲಿ 15 ಸೆಂ.ಮೀ. ಅಗಲ, 10 ಸೆಂ.ಮೀ. ಆಳ ಉಳಲು ಸುಮಾರು 50 ಕೆ.ಜಿ. ಎಳೆತ ಬೇಕು. ಒಣಗಿದ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅದೇ ಸಾಲು ಅದರ ಎರಡರಷ್ಟು ಕೇಳುತ್ತದೆ. ಬಯಲುಸೀಮೆಯ ಕೆಂಪು ಹೊಲಕ್ಕೆ ಒಂದು ಜೊತೆ ಸಾಕಾಗುವುದಕ್ಕೂ, ಉತ್ತರದ ಎರೆ ಹೊಲದಲ್ಲಿ ಬೇಸಿಗೆಯ ಆಳ ಉಳುಮೆಗೆ ಎರಡು ಮೂರು ಜೊತೆ ಕಟ್ಟುತ್ತಿದ್ದುದಕ್ಕೂ ಇದೇ ಕಾರಣ. ಎರೆ ಭೂಮಿಯವರು ಆಳ ಉಳುಮೆಯನ್ನು ಟ್ರ್ಯಾಕ್ಟರಿಗೆ ಬಿಟ್ಟು, ಕುಂಟೆ (ಮೇಲ್ಮಣ್ಣು ಸಡಿಲಿಸುವ ಅಲಗು), ಕೂರಿಗೆ (ಬಿತ್ತುವ ಸಾಧನ), ಎಡೆ ಹೊಡೆಯುವ (ಸಾಲಿನ ನಡುವೆ ಕಳೆ ತೆಗೆಯುವ) ಕೆಲಸವನ್ನು ಎತ್ತಿಗೆ ಇಟ್ಟುಕೊಳ್ಳುವುದೇ ಸರಿ. ಬೆಳೆ ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ಹೋಗಿ ಬರಲು ಎತ್ತಿನಷ್ಟು ಅನುಕೂಲದ ಯಂತ್ರ ಇನ್ನೂ ಇಲ್ಲ. ವರ್ಷಕ್ಕೆ ನೂರು ದಿನವಾದರೂ ಕೆಲಸವಿಲ್ಲದ ಮನೆಯಲ್ಲಿ ಮಾತ್ರ ಜೋಡಿ ಕಟ್ಟುವುದು ದಂಡ. ಕೆಲಸ ಇರಲಿ ಬಿಡಲಿ, ಎತ್ತು ದಿನಾ ತಿನ್ನುತ್ತದೆ.

ಯಾವ ತಳಿ

ತಳಿಯನ್ನು ಅಂದಕ್ಕಲ್ಲ, ಮಣ್ಣಿಗೆ ಹೊಂದಿಸಿ ಆರಿಸಬೇಕು. ಮಂಡ್ಯ, ಮೈಸೂರು, ಹಾಸನ, ತುಮಕೂರು, ಬೆಂಗಳೂರು ಸುತ್ತಿನ ಕೆಂಪು ಮಣ್ಣಿಗೆ ಹಳ್ಳಿಕಾರ್. ಚುರುಕು ನಡಿಗೆ, ಗಟ್ಟಿ ಗೊರಸು, ಒಣ ಮೇವಿನಲ್ಲೂ ಮೈ ಉಳಿಸಿಕೊಳ್ಳುವ ಗುಣ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಖಿಲಾರಿ. ದೂರ ನಡೆಯಲು, ಗಾಡಿಗೆ ಇದೇ ಮುಂದು. ಜವುಗು ಎರೆಯಲ್ಲಿ ನಿಧಾನವಾಗಿ ಭಾರ ಎಳೆಯಲು ಕೃಷ್ಣಾ ಕಣಿವೆಯ ತಳಿ, ಬೀದರ್ ಕಡೆ ದೇವಣಿ. ಮಲೆನಾಡಿನ ಸಣ್ಣ ಗದ್ದೆಗಳಲ್ಲಿ ಮಲೆನಾಡು ಗಿಡ್ಡದ ಎತ್ತು ಅಥವಾ ಕೋಣ. ಅಮೃತಮಹಲ್ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಸೈನ್ಯದ ಸಾಮಾನು ಎಳೆದ ತಳಿ. ತಾಕತ್ತಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಾವಲುಗಳಲ್ಲಿ (ಮೇವಿಗೆ ಬಿಟ್ಟ ಬಯಲುಗಳಲ್ಲಿ) ಬಿಡುಬೀಸಾಗಿ ಬೆಳೆದ ಕರು ಮನುಷ್ಯರ ಕೈಗೆ ಬೇಗ ಬಗ್ಗುವುದಿಲ್ಲ. ಮೊದಲ ಸಲ ಜೋಡಿ ಕಟ್ಟುವವರಿಗೆ ಅದು ಬೇಡ. ಸೀಮೆಹಸುವಿನ ಮಿಶ್ರತಳಿ ಹೋರಿ ಅಗ್ಗಕ್ಕೆ ಸಿಗುತ್ತದೆ, ತೂಕವೂ ಇರುತ್ತದೆ. ಅದಕ್ಕೆ ಡುಬ್ಬ ಚಿಕ್ಕದಾದ್ದರಿಂದ ನೊಗ ಕೊರಳಲ್ಲಿ ನಿಲ್ಲದೆ ಹಿಂದಕ್ಕೆ ಜಾರುತ್ತದೆ, ಬಿಸಿಲೂ ತಡೆಯದು. ಬೆಳಗಿನ ಗಾಡಿ ಕೆಲಸಕ್ಕೆ ಸರಿ, ಮೇ ತಿಂಗಳ ಉಳುಮೆಗೆ ಆಗದು.

ಜಾತ್ರೆಯಲ್ಲಿ ನೋಡಬೇಕಾದ್ದು

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ, ಇವೆಲ್ಲ ಸುಗ್ಗಿಯ ಆಸುಪಾಸಿನಲ್ಲಿ ಸೇರುತ್ತವೆ. ಹೋದ ಕೂಡಲೇ ಕೊಳ್ಳಬೇಡಿ. ಮೊದಲ ದಿನ ಬರೀ ನೋಡಿ, ವ್ಯಾಪಾರ ಮರುದಿನ ಮಾಡಿ. ಉಪ್ಪು ನೆಕ್ಕಿಸಿ ನೀರು ಕುಡಿಸಿ ಪಕ್ಕೆ ತುಂಬಿಸಿದ ಎತ್ತು ಮರುದಿನ ಬೆಳಿಗ್ಗೆ ತನ್ನ ನಿಜವಾದ ಮೈಗೆ ಬಂದಿರುತ್ತದೆ.

ವಯಸ್ಸು ಹಲ್ಲಿನಿಂದ ತಿಳಿಯುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿರುವುದಿಲ್ಲ. ಕೆಳಗಿನ ಎಂಟನ್ನು ನೋಡಬೇಕು. ಎಂಟೂ ಸಣ್ಣ ಹಾಲುಹಲ್ಲಾದರೆ ಎರಡು ವರ್ಷದೊಳಗಿನ ಕರು. ನಡುವಿನ ಎರಡು ಅಗಲವಾದ ಹಲ್ಲು ಬಂದಿದ್ದರೆ ಎರಡರಿಂದ ಎರಡೂವರೆ ವರ್ಷ. ನಾಲ್ಕು ಹಲ್ಲಿಗೆ ಮೂರರ ಆಸುಪಾಸು, ಆರು ಹಲ್ಲಿಗೆ ಮೂರೂವರೆಯಿಂದ ನಾಲ್ಕು, ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕೂವರೆ ಐದು. ನಾಟಿ ತಳಿಯಲ್ಲಿ, ಅದರಲ್ಲೂ ಮೇವು ಕಡಿಮೆಯಾಗಿ ಬೆಳೆದವುಗಳಲ್ಲಿ, ಆರು ತಿಂಗಳು ಹಿಂದೆ ಮುಂದೆ ಆಗುತ್ತದೆ. ಬಾಯಿ ಕೂಡಿದ ಮೇಲೆ ಸವೆತ ನೋಡಿ. ಹಲ್ಲಿನ ಅಂಚು ಮೊಂಡಾಗಿ, ನಡುವೆ ಸಂದು ಬಿಟ್ಟಿದ್ದರೆ ಹತ್ತು ದಾಟಿದೆ. ಕೊಂಬಿನ ಉಂಗುರ ಎಣಿಸಿ ವಯಸ್ಸು ಹೇಳುವ ಪದ್ಧತಿ ಜಾತ್ರೆಯಲ್ಲಿ ಉಪಯೋಗಕ್ಕಿಲ್ಲ. ಹೆರೆದು ಎಣ್ಣೆ ಹಚ್ಚಿದ ಕೊಂಬಿನಲ್ಲಿ ಉಂಗುರ ಎಲ್ಲಿಂದ ಬರಬೇಕು? ಕಲಿಸಿಕೊಳ್ಳುವ ತಾಳ್ಮೆ ಇದ್ದರೆ ಎರಡು ಹಲ್ಲಿನದನ್ನು ಕೊಳ್ಳಿ. ಬಂದ ವಾರವೇ ಹೂಡಬೇಕಿದ್ದರೆ ಆರು ಹಲ್ಲು ಅಥವಾ ಹೊಸದಾಗಿ ಬಾಯಿ ಕೂಡಿದ್ದು ಬೇಕು.

ಹಲ್ಲು ನೋಡಿದ ಮೇಲೆ ಕೊರಳು ಮುಟ್ಟಿ. ಡುಬ್ಬದ ಮುಂದೆ, ನೊಗ ಕೂರುವ ಜಾಗದಲ್ಲಿ, ಅಂಗೈ ಒತ್ತಿ ಎಳೆಯಿರಿ. ಅಲ್ಲಿ ಬಿಳಿ ಕೂದಲಿನ ತೇಪೆ, ಗಂಟು, ದಪ್ಪಗಟ್ಟಿದ ಚರ್ಮ ಇದ್ದರೆ ಹಿಂದೆ ಹೆಗಲು ಹುಣ್ಣಾಗಿತ್ತು ಎಂದರ್ಥ. ಒಮ್ಮೆ ಹುಣ್ಣಾದ ಜಾಗ ಮತ್ತೆ ಹುಣ್ಣಾಗುವುದು ಸುಲಭ. ಕೈ ಒತ್ತಿದಾಗ ಎತ್ತು ತಲೆ ತಗ್ಗಿಸಿ ಹಿಂಜರಿದರೆ ಬಿಟ್ಟುಬಿಡಿ. ನಮ್ಮ ಮಟ್ಟಿಗೆ ಬೆಲೆ ಕಟ್ಟುವಾಗ ಕೊರಳಿಗೆ ಅರ್ಧ, ಕಾಲಿಗೆ ಕಾಲು, ಉಳಿದದ್ದಕ್ಕೆಲ್ಲ ಸೇರಿ ಇನ್ನೊಂದು ಕಾಲು.

ಕಾಲಿಗೆ ನಡೆಸಿಯೇ ನೋಡಬೇಕು. ಗಟ್ಟಿ ನೆಲದಲ್ಲಿ ಐವತ್ತು ಹೆಜ್ಜೆ ನಡೆಸಿ, ಎಡಕ್ಕೂ ಬಲಕ್ಕೂ ಬಿಗಿಯಾಗಿ ತಿರುಗಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆ ಅಥವಾ ಅದಕ್ಕೂ ಮುಂದೆ ಬಿದ್ದರೆ ನಡಿಗೆ ಉದ್ದ. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದರೆ ಭಾರ ಎಳೆಯುವಾಗ ಅದು ಇನ್ನೂ ಹೆಚ್ಚುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಮ್ಮೆ ಹೋಗಿ ನೋಡಿ. ಕಾಲುಬಾಯಿ ಜ್ವರ ಬಂದು ಹೋದ ಕೆಲವು ಎತ್ತುಗಳು ಮೇಲ್ನೋಟಕ್ಕೆ ಗುಣವಾಗಿದ್ದರೂ ಬಿಸಿಲು ತಾಗಿದರೆ ಏದುತ್ತವೆ. ಉದ್ದವಾಗಿ ಒರಟಾಗಿ ಬೆಳೆದ ಕೂದಲು ಅದರ ಗುರುತು. ಇದು ವಾಸಿಯಾಗುವುದು ಕಷ್ಟ. ಕೊನೆಗೆ ಮಾರುವವರ ಗಾಡಿಗೆ ಹೂಡಿಸಿ, ನಾಲ್ಕು ಜನ ಹತ್ತಿ ಕೂತು, ಸಣ್ಣ ಏರು ಹತ್ತಿಸಿ.

ಸುಳಿಯ ವಿಚಾರ ಬಂದೇ ಬರುತ್ತದೆ. ಕೂದಲಿನ ಸುಳಿ ಎಲ್ಲಿದ್ದರೂ ಎಳೆಯುವ ಬಲಕ್ಕೆ ಸಂಬಂಧವಿಲ್ಲ. ಮರುಮಾರಾಟದ ಬೆಲೆಗೆ ಖಂಡಿತ ಸಂಬಂಧವಿದೆ. ಕೆಟ್ಟ ಸುಳಿ ಎಂದು ಬೆಲೆ ಇಳಿದ ಎತ್ತು ಕೊರಳು ಕಾಲಿನಲ್ಲಿ ಚೆನ್ನಾಗಿದ್ದರೆ ಉಳುವವರಿಗೆ ಲಾಭ, ವ್ಯಾಪಾರಕ್ಕೆ ಕಟ್ಟುವವರಿಗೆ ನಷ್ಟ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಯ ಜೊತೆ ವ್ಯವಹಾರ ಗೊತ್ತಿಲ್ಲದಿದ್ದರೆ ಬಾಯಿಬಿಟ್ಟೇ ಹೇಳಿ ಎನ್ನಿ, ನಾಚಿಕೆ ಬೇಡ. ವ್ಯಾಪಾರ ಮುಗಿದ ಮೇಲೆ ಜಾತ್ರೆಯ ರಶೀದಿ, ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿಲ್ಲದೆ ವಾಹನಕ್ಕೆ ಹತ್ತಿಸಬೇಡಿ. ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಯನ್ನು ರಶೀದಿಯ ಮೇಲೆ ಬರೆಸಿ. ವಿಮೆಗೂ ಲಸಿಕೆಯ ದಾಖಲೆಗೂ ಅದೇ ಆಧಾರ.

ಬೀಜ, ಮೂಗುದಾರ

ಉಳುವ ಹೋರಿಗೆ ಬೀಜ ಒಡೆಸುವ ಕಾಲ ಎರಡರಿಂದ ಎರಡೂವರೆ ವರ್ಷ. ಅದಕ್ಕೂ ಮೊದಲೇ ಒಡೆಸಿದರೆ ಕೊರಳು, ಡುಬ್ಬ, ಎದೆ ತುಂಬುವುದಿಲ್ಲ. ನಾಲ್ಕು ಹಲ್ಲು ದಾಟಿದ ಮೇಲೆ ಒಡೆಸಿದರೆ ಹೋರಿಯ ಹಟ ಉಳಿದುಬಿಡುತ್ತದೆ. ಕಲ್ಲಿನಲ್ಲಿ ಜಜ್ಜುವ ಹಳೆಯ ಪದ್ಧತಿ ಕ್ರೂರವೂ ಹೌದು, ಅಪಾಯವೂ ಹೌದು. ಪಶುವೈದ್ಯರು ಅರಿವಳಿಕೆ ಕೊಟ್ಟು ಬರ್ಡಿಜೊ ಇಕ್ಕಳದಿಂದ ಒಂದೊಂದೇ ನರವನ್ನು ಬೇರೆಬೇರೆಯಾಗಿ ಒತ್ತುತ್ತಾರೆ. ಎರಡು ಒತ್ತುಗಳು ಅಡ್ಡಲಾಗಿ ಒಂದೇ ಗೆರೆಯಲ್ಲಿ ಕೂಡಬಾರದು. ಕೂಡಿದರೆ ಚೀಲದ ಚರ್ಮಕ್ಕೆ ರಕ್ತ ಹರಿಯದೆ ಕೊಳೆಯುತ್ತದೆ. ಎರಡು ಮೂರು ದಿನ ಬಾವು ಇರುವುದು ಸಹಜ. ಬೀಜ ಪೂರ್ತಿ ಬತ್ತಲು ಒಂದೂವರೆ ತಿಂಗಳು ಬೇಕು. ಆಮೇಲೂ ಒಂದು ಕಡೆ ಬತ್ತದೆ ಉಳಿದಿದ್ದರೆ ಮತ್ತೆ ಒತ್ತಿಸಬೇಕು.

ಮೂಗು ಚುಚ್ಚಿಸುವುದು ಒಂದೂವರೆ ವರ್ಷದ ಸುಮಾರಿಗೆ. ಮೂಗಿನ ನಡುಗೋಡೆಯಲ್ಲಿ ಹೆಬ್ಬೆರಳು ತೋರುಬೆರಳು ಹಾಕಿ ಹಿಸುಕಿದರೆ ಮುಂದುಗಡೆ ಮೆತ್ತನೆಯ ಪೊರೆ ಸಿಗುತ್ತದೆ, ಹಿಂದೆ ಗಟ್ಟಿ ಮೃದ್ವಸ್ಥಿ. ದಾರ ಹೋಗಬೇಕಾದ್ದು ಮೆತ್ತನೆಯ ಜಾಗದಲ್ಲಿ. ಗಟ್ಟಿ ಜಾಗಕ್ಕೆ ಚುಚ್ಚಿದರೆ ಗಾಯ ಮಾಯುವುದಿಲ್ಲ. ತೀರಾ ತುದಿಗೆ ಚುಚ್ಚಿದರೆ ಒಂದು ಜಗ್ಗಿಗೆ ಮೂಗು ಹರಿಯುತ್ತದೆ, ಹರಿದ ಮೂಗಿಗೆ ಮತ್ತೆ ದಾರ ಹಾಕಲು ಬರುವುದಿಲ್ಲ. ನೂಲಿನ ಅಥವಾ ಸೆಣಬಿನ ಹುರಿ ಇರಲಿ, ನೈಲಾನ್ ಕೊಯ್ಯುತ್ತದೆ. ಎರಡು ವಾರ ದಾರವನ್ನು ಸಡಿಲವಾಗಿ ಕಿವಿಯ ಹಿಂದೆ ಕಟ್ಟಿ ಬಿಡಿ. ಅಲ್ಲಿಯವರೆಗೆ ಹಿಡಿದು ಜಗ್ಗುವಂತಿಲ್ಲ.

ಪಳಗಿಸುವ ಒಂದು ತಿಂಗಳು

ಎರಡು ಹೊಸ ಹೋರಿಗಳನ್ನು ಒಟ್ಟಿಗೆ ಹೂಡುವುದು ನೊಗ ಮುರಿಯುವ ದಾರಿ. ಪಳಗಿದ ಹಳೆಯ ಎತ್ತೊಂದು ಬೇಕು, ಇಲ್ಲದಿದ್ದರೆ ಒಂದು ತಿಂಗಳಿಗೆ ಎರವಲು ತನ್ನಿ. ಮೊದಲ ವಾರ ನೊಗ ಮಾತ್ರ, ಹಿಂದೆ ಏನೂ ಕಟ್ಟದೆ, ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಮುಂದೆ ಒಬ್ಬರು ಮೂಗುದಾರ ಹಿಡಿದು ನಡೆಯಬೇಕು, ಹಿಂದೆ ಒಬ್ಬರು. ಎರಡನೇ ವಾರ ಎಂಟು ಹತ್ತು ಕೆ.ಜಿ.ಯ ಕೊರಡು ಎಳೆಸಿ. ಹಿಂದೆ ಏನೋ ಸದ್ದು ಮಾಡುತ್ತ ಬರುವುದೇ ಹೋರಿಗೆ ಮೊದಲ ಭಯ. ಭಾರಕ್ಕಿಂತ ಆ ಸದ್ದಿಗೆ ಒಗ್ಗಿಸುವುದು ಮುಖ್ಯ. ಮೂರನೇ ವಾರ ಮೆತ್ತಗಿನ ಹೊಲದಲ್ಲಿ ಕುಂಟೆ, ನಾಲ್ಕನೇ ವಾರ ಖಾಲಿ ಗಾಡಿ. ನೇಗಿಲು ಎಲ್ಲದಕ್ಕಿಂತ ಕೊನೆಗೆ. ನೇಗಿಲಿಗೆ ಬೇರು, ಕಲ್ಲು ಸಿಕ್ಕಿ ತಟ್ಟನೆ ನಿಂತಾಗ ಹೊಸ ಹೋರಿಯ ಹೆಗಲಿಗೆ ಪೆಟ್ಟು ಬೀಳುತ್ತದೆ. ಮೊದಲ ತಿಂಗಳಲ್ಲಿ ಎರಡು ಸಲ ಹಾಗಾದರೆ ಅದು ಜೀವಮಾನವಿಡೀ ಎಳೆಯಲು ಅಳುಕುತ್ತದೆ.

ಎಡಗೋಲು ಬಲಗೋಲು, ಅಂದರೆ ನೊಗದ ಎಡಕ್ಕೆ ಯಾವ ಎತ್ತು ಬಲಕ್ಕೆ ಯಾವುದು ಎಂಬುದನ್ನು, ಮೊದಲ ದಿನವೇ ಗೊತ್ತುಮಾಡಿ, ಆಮೇಲೆ ಬದಲಿಸಬೇಡಿ. ಹೊರಡು, ನಿಲ್ಲು, ಎಡಕ್ಕೆ, ಬಲಕ್ಕೆ ಎನ್ನಲು ನಿಮ್ಮೂರಲ್ಲಿ ಯಾವ ಕೂಗು ಇದೆಯೋ ಅದನ್ನೇ ಬಳಸಿ. ಮನೆಯಲ್ಲಿ ಯಾರು ಹೊಡೆದರೂ ಅದೇ ಕೂಗು ಇರಬೇಕು. ಅಪ್ಪನ ಕೂಗು ಒಂದು, ಮಗನದು ಇನ್ನೊಂದು ಆದರೆ ಎತ್ತು ಬಾರುಕೋಲಿಗೆ ಮಾತ್ರ ಕೇಳುವಂತಾಗುತ್ತದೆ. ಬಾರುಕೋಲಿನ ತುದಿಗೆ ಮೊಳೆ ಹಾಕುವುದು 1965ರ ಎಳೆಯುವ ಪ್ರಾಣಿಗಳ ನಿಯಮದ ಪ್ರಕಾರ ಅಪರಾಧ.

ನೊಗ

ಕೆಲಸಕ್ಕೆ ಬಾರದಂತಾಗುವ ಎತ್ತುಗಳಲ್ಲಿ ಹೆಚ್ಚಿನವು ದುಡಿದು ಕೆಡುವುದಿಲ್ಲ, ಹೊಂದದ ನೊಗದಿಂದ ಕೆಡುತ್ತವೆ. ಆದರೂ ಜೋಡಿಗೆ ಲಕ್ಷಗಟ್ಟಲೆ ಕೊಡುವವರು ನೊಗಕ್ಕೆ ಯಾವುದೋ ಹಳೆಯ ಮರದ ತುಂಡನ್ನು ಏರಿಸುತ್ತಾರೆ.

ನೊಗ ಕೂರುವುದು ಡುಬ್ಬದ ಮುಂದಿನ ಕೊರಳ ಮೇಲೆ. ಎಳೆತದ ಅಷ್ಟೂ ಬಲ ಅಲ್ಲಿಯ ಅಂಗೈ ಅಗಲದ ಚರ್ಮದ ಮೇಲೆ ಬೀಳುತ್ತದೆ. ಅದಕ್ಕೇ ಆ ಜಾಗದಲ್ಲಿ ನೊಗ ದುಂಡಗೆ, ಅಗಲವಾಗಿ, ಗಾಜಿನಷ್ಟು ನುಣುಪಾಗಿರಬೇಕು. ತೆಳು ನೊಗ ಹಗುರ ನಿಜ, ಆದರೆ ಕೊಯ್ಯುತ್ತದೆ. ಮರ ಚೆನ್ನಾಗಿ ಒಣಗಿದ್ದು, ಗಂಟಿಲ್ಲದ್ದು ಆಗಿರಲಿ. ಹಸಿ ಮರ ಒಣಗುವಾಗ ಸೀಳು ಬಿಟ್ಟು ಕೂದಲು ಕೀಳುತ್ತದೆ. ಕೊರಳ ಕೆಳಗಿನಿಂದ ನೊಗಕ್ಕೆ ಕಟ್ಟುವ ಪಟ್ಟಿ, ಅಂದರೆ ಜತ್ತಿಗೆ, ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಬಿಗಿಯಾದರೆ ಏರಿನಲ್ಲಿ ಗಂಟಲು ಕಟ್ಟುತ್ತದೆ, ತೀರಾ ಸಡಿಲವಾದರೆ ನೊಗ ಹಿಂದೆ ಮುಂದೆ ಆಡಿ ಉಜ್ಜುತ್ತದೆ. ನೊಗದ ಗೂಟಗಳು ಕೊರಳ ಪಕ್ಕಕ್ಕೆ ತಾಗಿಯೂ ತಾಗದಂತಿರಬೇಕು.

ಎರಡು ಎತ್ತಿನ ಎತ್ತರದಲ್ಲಿ ಎರಡು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ನೊಗ ಓರೆಯಾಗಿ, ಗಿಡ್ಡನೆಯದರ ಕೊರಳ ಒಳಬದಿ ಹುಣ್ಣಾಗುತ್ತದೆ. ಜೋಡಿ ಆಗಲೇ ಮನೆಗೆ ಬಂದಿದ್ದರೆ ಒಂದು ಉಪಾಯವಿದೆ. ಬಲಕ್ಕೆ ಮಣ್ಣು ಮಗುಚುವ ಕಬ್ಬಿಣದ ನೇಗಿಲಿನಲ್ಲಿ ಬಲಗಡೆಯ ಎತ್ತು ಹಿಂದಿನ ಸಾಲಿನ ತಗ್ಗಿನಲ್ಲಿ ನಡೆಯುತ್ತದೆ. ಎತ್ತರದ ಎತ್ತನ್ನು ಬಲಗೋಲಿಗೆ ಹಾಕಿದರೆ ಹೆಗಲು ಸಮವಾಗುತ್ತದೆ. ಗಾಡಿಗೆ ಈ ಉಪಾಯ ನಡೆಯುವುದಿಲ್ಲ.

ಬಲದಲ್ಲಿ ಹೆಚ್ಚುಕಡಿಮೆ ಇದ್ದರೆ ಮಿಣಿ (ನೊಗವನ್ನು ನೇಗಿಲಿಗೆ ಬಿಗಿಯುವ ಹಗ್ಗ) ಕಟ್ಟುವ ಜಾಗ ಸರಿಸಿ. ಕೊರಳಿಂದ ಕೊರಳಿಗೆ 120 ಸೆಂ.ಮೀ. ಇರುವ ನೊಗದಲ್ಲಿ ಮಿಣಿ ಸರಿಯಾಗಿ ನಡುವೆ ಇದ್ದರೆ ಇಬ್ಬರಿಗೂ ಸಮಪಾಲು. ಅದನ್ನು ಗಟ್ಟಿ ಎತ್ತಿನ ಕಡೆಗೆ 6 ಸೆಂ.ಮೀ. ಸರಿಸಿದರೆ ಅದಕ್ಕೆ ನೂರರಲ್ಲಿ 55 ಪಾಲು, ಮೆತ್ತನೆಯದಕ್ಕೆ 45. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೆತ್ತನೆಯ ಎತ್ತಿನ ಕಡೆ ಮಿಣಿ ಸರಿಸಿ, ಅದು ಇನ್ನೂ ಹಿಂದೆ ಬಿತ್ತು ಎಂದು ಹೊಡೆಯುತ್ತಾರೆ. ನೆನಪಿಡಬೇಕಾದ್ದು ಇಷ್ಟೇ: ಮಿಣಿ ಯಾರ ಹತ್ತಿರವೋ ಭಾರ ಅವರದು.

ಎಡೆ ಹೊಡೆಯುವ ನೊಗ ಬೇರೆಯೇ ಇರಬೇಕು. ಒಂಟಿ ಎಡೆಕುಂಟೆ ಎರಡು ಸಾಲಿನ ನಡುವೆ ಹೋಗುವಾಗ ಎತ್ತುಗಳೂ ಸಾಲುಗಳ ನಡುವೆಯೇ ಹೆಜ್ಜೆ ಇಡಬೇಕಾದ್ದರಿಂದ ಕೊರಳುಗಳ ಅಂತರ ಸಾಲಿನ ಅಂತರದ ಎರಡು ಅಥವಾ ನಾಲ್ಕು ಪಟ್ಟಿರಬೇಕು. 45 ಸೆಂ.ಮೀ. ಸಾಲಿನ ಜೋಳಕ್ಕೆ 90, 30 ಸೆಂ.ಮೀ. ಸಾಲಿನ ರಾಗಿಗೆ 120. ಒಂದು ಸಾಲಿನ ಎರಡೂ ಪಕ್ಕ ಎರಡು ಕುಂಟೆ ಬಿಡುವುದಾದರೆ ನೊಗದ ನಡು ಸಾಲಿನ ಮೇಲೆಯೇ ಬರುತ್ತದೆ. ಆಗ ಮೂರು ಪಟ್ಟಿನ ಲೆಕ್ಕ ಹಿಡಿಯಿರಿ. ಇದನ್ನು ನೋಡದೆ ಉಳುಮೆಯ ನೊಗವನ್ನೇ ಹೂಡಿದರೆ ಬೆಳೆಯ ಒಂದು ಪಾಲು ಎತ್ತಿನ ಕಾಲಡಿಗೆ ಹೋಗುತ್ತದೆ. ಎಡೆ ಹೊಡೆಯುವಾಗ ಬೆಳೆಗೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಕುಕ್ಕೆ ಕಟ್ಟುವುದನ್ನು ಮರೆಯಬಾರದು.

ಹೆಗಲು ಹುಣ್ಣು ಬರುವ ಇನ್ನೊಂದು ದೊಡ್ಡ ಕಾರಣ ನೀರು. ಮಳೆಯಲ್ಲಿ ನೆಂದ ಕೊರಳ ಚರ್ಮ ಮೆತ್ತಗಾಗಿ ಒಂದೇ ದಿನದಲ್ಲಿ ಸುಲಿಯುತ್ತದೆ. ಮಳೆ ಬಂದರೆ ಬಿಚ್ಚಿ, ಗೋಣಿಯಿಂದ ಒರೆಸಿ, ಒಣಗಿದ ಮೇಲೆ ಹೂಡಿ. ದಿನಾ ಸಂಜೆ ಬಿಚ್ಚಿದ ಕೂಡಲೇ ಕೊರಳನ್ನು ಅಂಗೈಯಿಂದ ತಡವಿ ನೋಡುವ ಅಭ್ಯಾಸ ಇರಲಿ. ಬಿಸಿಯಾಗಿ, ಸ್ವಲ್ಪ ಉಬ್ಬಿದ್ದರೆ ಅದೇ ಶುರು. ಆ ಒಂದೆರಡು ದಿನ ತಣ್ಣೀರಿನ ಬಟ್ಟೆ ಹಾಕಿ. ಮೂರನೇ ದಿನದಿಂದ ಉಪ್ಪು ಬೆರೆಸಿದ ಬಿಸಿನೀರಿನ ಶಾಖ, ದಿನಕ್ಕೆ ಎರಡು ಸಲ. ಬಾವು ಪೂರ್ತಿ ಇಳಿಯುವವರೆಗೆ ನೊಗ ಇಲ್ಲ, ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗಬಹುದು. ನೊಗಕ್ಕೆ ಬಟ್ಟೆ ಸುತ್ತಿ ಕೆಲಸ ಮುಂದುವರಿಸುವವರೇ ಹೆಚ್ಚು. ಬಟ್ಟೆ ಬೆವರು ಹೀರಿ ಗಟ್ಟಿಯಾಗಿ ಇನ್ನಷ್ಟು ಉಜ್ಜುತ್ತದೆ. ಬಾವನ್ನು ಬ್ಲೇಡಿನಿಂದ ಕೊಯ್ಯುವುದು, ಕಾದ ಕಬ್ಬಿಣದಿಂದ ಬರೆ ಎಳೆಯುವುದು ಬೇಡವೇ ಬೇಡ. ಚರ್ಮ ಸುಲಿದಿದ್ದರೆ ಪೊವಿಡೋನ್ ಅಯೋಡಿನ್ ಹಚ್ಚಿ, ಸುತ್ತ ಬೇವಿನೆಣ್ಣೆ ಸವರಿ ನೊಣ ಕೂರದಂತೆ ನೋಡಿ. ಬಹಳ ದಿನದ ಬಾವು ಕಲ್ಲಿನಂತೆ ಗಟ್ಟಿಯಾಗಿದ್ದರೆ ಮನೆಮದ್ದಿಗೆ ಕರಗುವುದಿಲ್ಲ, ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಬೇಕು.

ಆಳ, ಗಾಡಿಯ ತೂಕ

ಮರದ ನೇಗಿಲಿನ ಆಳವನ್ನು ಮೇಳಿ (ನೇಗಿಲಿನ ಹಿಡಿ) ಒತ್ತಿ ಹೊಂದಿಸಲು ಹೋಗುವವರು ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಾರೆ. ಆಳವು ನೊಗವನ್ನು ಈಸಿನ (ನೇಗಿಲಿನಿಂದ ನೊಗದವರೆಗಿನ ಉದ್ದ ಮರದ) ಎಲ್ಲಿಗೆ ಕಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ನೊಗ ಈಸಿನ ತುದಿಯ ಕಡೆ, ನೇಗಿಲಿನಿಂದ ದೂರ ಹೋದಷ್ಟೂ ಕುಳದ (ನೆಲ ಸೀಳುವ ಕಬ್ಬಿಣದ) ಮೂತಿ ಕೆಳಗಾಗಿ ಆಳ ಹೋಗುತ್ತದೆ. ಹತ್ತಿರ ತಂದಷ್ಟೂ ಮೂತಿ ಎದ್ದು ಮೇಲೆ ತೇಲುತ್ತದೆ. ಎತ್ತರದ ಜೋಡಿಗೆ ಅದೇ ನೇಗಿಲು ತೇಲುವುದೂ ಇದೇ ಕಾರಣಕ್ಕೆ. ಮೊದಲ ಉಳುಮೆಯಲ್ಲಿ ಆಳಕ್ಕೆ ಆಸೆಪಡಬೇಡಿ. ಆಳ ಅರ್ಧಪಟ್ಟು ಹೆಚ್ಚಿದರೆ ಎಳೆತವೂ ಕನಿಷ್ಠ ಅಷ್ಟೇ ಹೆಚ್ಚುತ್ತದೆ.

ಗಾಡಿಯಲ್ಲಿ ಭಾರ ಅಚ್ಚಿನ ಮೇಲೆ, ಒಂದು ಕೂದಲೆಳೆ ಮುಂದಕ್ಕೆ ಇರಬೇಕು. ಹೇರಿದ ಮೇಲೆ ಹೂಡುವ ಮೊದಲು ನೊಗವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ. ಕಷ್ಟವಿಲ್ಲದೆ ಎದ್ದು, ಬಿಟ್ಟಾಗ ತಾನೇ ನಿಧಾನವಾಗಿ ಕೆಳಗಿಳಿದರೆ ಸರಿ. ಏಳದಿದ್ದರೆ ಮುಂದೆ ಭಾರ, ಕೊರಳು ಕುಸಿಯುತ್ತದೆ. ಬಿಟ್ಟಾಗ ಮೇಲಕ್ಕೇ ಹೋದರೆ ಹಿಂದೆ ಭಾರ, ಜತ್ತಿಗೆ ಗಂಟಲಿಗೆ ಬೀಳುತ್ತದೆ.

ಹೊತ್ತು, ಮೇವು, ನೀರು

1965ರ ನಿಯಮ ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎನ್ನುತ್ತದೆ. 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಇದು ಗಾಡಿಗೆ ಸರಿಹೋಗುವ ಮಿತಿ. ಉಳುಮೆಗೆ ಆರು ಗಂಟೆಯೇ ಹೆಚ್ಚು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಆರು ಇಟ್ಟುಕೊಂಡರೆ ಎತ್ತಿಗೂ ಆಳಿಗೂ ಒಳ್ಳೆಯದು. ನಡುವಿನ ಬಿಡುವು ಬರೀ ದಣಿವಾರಿಸಿಕೊಳ್ಳಲು ಅಲ್ಲ. ಎತ್ತು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕಲೇಬೇಕು. ಮೆಲುಕಿಗೆ ಹೊತ್ತು ಸಿಗದ ಎತ್ತು ಎಷ್ಟು ಮೇವು ಹಾಕಿದರೂ ಸೊರಗುತ್ತದೆ.

340 ಕೆ.ಜಿ.ಯ ಎತ್ತಿಗೆ ಕೆಲಸದ ದಿನ ರಾಗಿಹುಲ್ಲು ಅಥವಾ ಜೋಳದ ಸಪ್ಪೆ ಐದಾರು ಕೆ.ಜಿ., ಹಸಿಮೇವು ಹತ್ತು ಕೆ.ಜಿ., ಹಿಂಡಿ ಬೂಸಾ ಹುರುಳಿ ಸೇರಿ ಒಂದೂವರೆಯಿಂದ ಎರಡು ಕೆ.ಜಿ., ಉಪ್ಪು 30 ಗ್ರಾಂ, ಖನಿಜ ಮಿಶ್ರಣ 50 ಗ್ರಾಂ. ಕೆಲಸವಿಲ್ಲದ ದಿನ ಹಿಂಡಿ ಹುರುಳಿ ಅರ್ಧ ಕೆ.ಜಿ. ಸಾಕು. ಹುರುಳಿಯನ್ನು ಬೇಯಿಸಿ ಇಲ್ಲವೇ ರಾತ್ರಿ ನೆನೆಸಿ ಕೊಡಿ. ಇಡೀ ಕಾಳು ಹಾಗೇ ಕೊಟ್ಟರೆ ಸಗಣಿಯಲ್ಲಿ ಇಡಿಯಾಗಿಯೇ ಸಿಗುತ್ತದೆ. ಉಳುಮೆ ಶುರುವಾಯಿತೆಂದು ಒಂದೇ ದಿನ ಎರಡು ಕೆ.ಜಿ. ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಎತ್ತು ಮಲಗುತ್ತದೆ. ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಹೊಲಕ್ಕೆ ಎತ್ತು ನುಗ್ಗದಂತೆ ನೋಡಿ. ಹೂ ಬರುವ ಮೊದಲಿನ ಬಾಡಿದ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ, ಗಂಟೆಯೊಳಗೆ ಸಾವು ಬರಬಹುದು.

ನೀರು ದಿನಕ್ಕೆ 30ರಿಂದ 40 ಲೀಟರ್, ಬೇಸಿಗೆಯಲ್ಲಿ 50 ದಾಟುತ್ತದೆ. ದುಡಿಯುವಾಗ ಉಸಿರು ನಿಮಿಷಕ್ಕೆ 60–70ಕ್ಕೆ ಏರುವುದು ಸಹಜ. ಬಿಚ್ಚಿ ಅರ್ಧ ಗಂಟೆಯಾದರೂ 30ಕ್ಕೆ ಇಳಿಯದಿದ್ದರೆ ಆ ದಿನದ ಕೆಲಸ ಮುಗಿಯಿತು ಎಂದುಕೊಳ್ಳಿ. ನಾಲಿಗೆ ಹೊರಬಿದ್ದು, ನೊರೆ ಸುರಿದು, ಹಿಂಗಾಲು ತಪ್ಪುಹೆಜ್ಜೆ ಇಡುತ್ತಿದ್ದರೆ ಸಾಲು ಮುಗಿಸುವವರೆಗೂ ಕಾಯಬೇಡಿ. ನಿಂತಲ್ಲೇ ಬಿಚ್ಚಿ ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ.

ಲಾಳ, ಲಸಿಕೆ

ಗದ್ದೆ ಹೊಲ ಮಾತ್ರ ಉಳುವ ಎತ್ತಿಗೆ ಲಾಳ ಬೇಡ. ಡಾಂಬರಿನ ಮೇಲೆ ಗಾಡಿ ಎಳೆದರೆ ಬೇಕೇಬೇಕು. ಸೀಳುಗೊರಸಾದ್ದರಿಂದ ಕಾಲಿಗೆ ಎರಡರಂತೆ ಎತ್ತಿಗೆ ಎಂಟು. ಹೊಡೆಸುವ ದಿನ ಬೆಳಿಗ್ಗೆ ಮೇವು ನೀರು ಕೊಡಬೇಡಿ. ತುಂಬಿದ ಹೊಟ್ಟೆಯಲ್ಲಿ ಕೆಡವಿದರೆ ಉಬ್ಬರವಾಗುತ್ತದೆ. ಕೆಡವುವ ಜಾಗದಲ್ಲಿ ಮರಳೋ ಹುಲ್ಲೋ ಇರಲಿ. ಮೊಳೆ ಗೊರಸಿನ ಹೊರಗೋಡೆಯಲ್ಲೇ ಹೊರಮುಖವಾಗಿ ಹೋಗಬೇಕು. ಒಳಗಿನ ಜೀವಕ್ಕೆ ತಾಗಿದರೆ ಅಂದೇ ಕುಂಟುತ್ತದೆ. ಹತ್ತಿರಕ್ಕೆ ಹೋಗಿ ಒತ್ತುತ್ತಿದ್ದರೆ ಎರಡು ಮೂರು ದಿನ ಬಿಟ್ಟು ಗೊರಸು ಬಿಸಿಯಾಗಿ ಕುಂಟುತ್ತದೆ. ಎರಡರಲ್ಲೂ ಆ ಮೊಳೆ ಕೀಳಿಸುವುದೇ ಮದ್ದು. ಕೆಸರುಗದ್ದೆಯಲ್ಲಿ ಗೊರಸಿನ ಸಂದು ಕೊಳೆತಿದ್ದರೆ ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ ಕರಗಿಸಿ ತೊಳೆಯಿರಿ.

ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ, ಗಳಲೆ ರೋಗ ಮತ್ತು ಚಪ್ಪೆ ರೋಗದ್ದು ಮುಂಗಾರಿಗೆ ಮೊದಲು ಒಮ್ಮೆ, ಚರ್ಮಗಂಟಿನದು ಇಲಾಖೆಯವರು ಬಂದಾಗ. ಹಾಕಿಸಿದ ಮೇಲೆ ಎರಡು ಮೂರು ದಿನ ಭಾರದ ಕೆಲಸ ಬೇಡ. ನಾಟಿ ಎತ್ತುಗಳಲ್ಲಿ ಕೊಂಬಿನ ಕ್ಯಾನ್ಸರ್ ಅಪರೂಪವಲ್ಲ. ಎತ್ತು ಪದೇಪದೇ ತಲೆ ಕೊಡವುತ್ತ, ಒಂದು ಕೊಂಬನ್ನು ಕಂಬಕ್ಕೆ ಉಜ್ಜುತ್ತ, ಅದೇ ಕಡೆಯ ಮೂಗಿನಲ್ಲಿ ರಕ್ತ ಕಂಡರೆ ಕೊಂಬು ವಾಲುವವರೆಗೆ ಕಾಯದೆ ತೋರಿಸಿ. ಬೇಗ ಕೊಯ್ದು ತೆಗೆಸಿದ ಎತ್ತುಗಳು ಒಂಟಿ ಕೊಂಬಿನಲ್ಲೇ ನೊಗ ಹೊರುತ್ತವೆ.

ಸುಗ್ಗಿ ಮುಗಿದು ಮೂರು ತಿಂಗಳು ಕಟ್ಟಿಹಾಕಿದ ಜೋಡಿಯನ್ನು ಮೊದಲ ಮಳೆ ಬಿದ್ದ ಮರುದಿನವೇ ಇಡೀ ದಿನ ಹೂಡಬಾರದು. ವರ್ಷದ ಹೆಗಲು ಹುಣ್ಣುಗಳಲ್ಲಿ ಬಹುಪಾಲು ಆ ವಾರದಲ್ಲೇ ಆಗುವುದು. ಮೇ ಮೊದಲ ವಾರದಿಂದಲೇ ಗೊಬ್ಬರದ ಗಾಡಿಗೆ ಹೂಡುತ್ತ ಬನ್ನಿ. ಮೊದಲ ವಾರ ಅರ್ಧ ಹೇರು, ದಿನಕ್ಕೆ ಒಂದು ಗಂಟೆ. ಎರಡನೇ ವಾರ ಎರಡು ಗಂಟೆ. ಮೂರನೇ ವಾರ ಪೂರ್ತಿ ಹೇರು. ಕೊರಳ ಚರ್ಮ ಗಟ್ಟಿಯಾಗಲು ಅಷ್ಟು ದಿನ ಬೇಕು, ತಿಪ್ಪೆಯ ಗೊಬ್ಬರ ಹೊಲ ಸೇರಲೂ ಅಷ್ಟೇ ದಿನ ಹಿಡಿಯುತ್ತದೆ.